ಕೊನೆ ಗಸ್ತಿನ ಕೂಗು

ಮೂರೂಮುಕ್ಕಾಲಿಗೆ ಸ್ಕೀ ಆಡುವವರನ್ನು ಗುಡ್ಡಕ್ಕೆ ಏರಿಸುವ ಲಿಫ್ಟು ನಿಂತಿತು, ನಾಲ್ಕಕ್ಕೆ ಕೊನೆ ಗಸ್ತು ಶುರುವಾಯಿತು. ವರ್ಮಾಂಟ್ ರಾಜ್ಯದ ಕಾಬ್ ಗುಡ್ಡದಲ್ಲಿ ಚಳಿಗಾಲದ ಪ್ರತಿದಿನ ನಡೆಯುವ ಕೆಲಸ ಇದು. ಗಸ್ತಿನವರು ಒಂದೊಂದು ಜಾರುದಾರಿಗೆ ಒಬ್ಬೊಬ್ಬರಂತೆ ಸ್ಕೀ ಮೇಲೆ ಇಳಿಯಬೇಕು. ಗೊತ್ತಾದ ಜಾಗಗಳಲ್ಲಿ ನಿಂತು, ಕಿವಿ ಮುಚ್ಚಿದ ಟೋಪಿ ತೆಗೆದು, ಕಾಡಿನ ಕಡೆ ಮುಖ ಮಾಡಿ, "ಮುಚ್ತಾ ಇದೀವೀ" ಎಂದು ಉದ್ದಕ್ಕೆ ಕೂಗಬೇಕು. ಆಮೇಲೆ ಕಿವಿಗೊಟ್ಟು ಇಪ್ಪತ್ತು ಎಣಿಸಬೇಕು. ಬಿದ್ದವರು, ಕಾಲು ಮುರಿದುಕೊಂಡವರು ಇದ್ದರೆ ಓಗೊಡುತ್ತಾರೆ. ಯಾರೂ ಓಗೊಡದಿದ್ದರೆ ಅಲ್ಲಿ ಯಾರೂ ಇಲ್ಲ. ಜಿನೆಟ್ ಥಿಬೋ ಮೂವತ್ತೆಂಟು ವರ್ಷ ಹೀಗೆ ಕೂಗಿದ್ದಳು, ಒಮ್ಮೆಯೂ ಇದು ಸುಳ್ಳಾಗಿರಲಿಲ್ಲ.

ಅವತ್ತು ತನ್ನ ಪಾಲಿನ ಮೂರನೇ ದಾರಿಯಲ್ಲಿ, ಕೂಗುವ ಮೂರನೇ ನಿಲ್ದಾಣದಲ್ಲಿ, ಸ್ಪ್ರೂಸ್ ಮರಗಳು ದಟ್ಟವಾಗಿರುವ ಕಡೆ, ಅವಳು ಹನ್ನೊಂದರವರೆಗೆ ಎಣಿಸಿ ಟೋಪಿ ಹಾಕಿಕೊಂಡುಬಿಟ್ಟಳು. ಕಿವಿ ಕಿತ್ತುಹೋಗುವ ಚಳಿ. ಮೇಲಾಗಿ ಗಂಡನ ಔಷಧಿ ತರಬೇಕಿತ್ತು, ಅಂಗಡಿ ಐದಕ್ಕೆ ಬಾಗಿಲು ಹಾಕುತ್ತಿತ್ತು.

ಗಂಡ ವೆಂಡೆಲ್‌ನ ಶ್ವಾಸಕೋಶ ಕಲ್ಲಿನ ಕ್ವಾರಿಯ ಧೂಳಿನಲ್ಲಿ ಯಾವತ್ತೋ ಹಾಳಾಗಿತ್ತು. ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿಕೊಂಡೇ ಮನೆಯಲ್ಲಿ ಓಡಾಡುವ ಮನುಷ್ಯ. ಕೊರೋನ ಬಂದರೆ ಒಂದು ವಾರವೂ ತಾಳುವುದಿಲ್ಲ ಎಂದು ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು. ಅಂದಿನಿಂದ ಜಿನೆಟ್‌ಗೆ ರಾಜ್ಯದ ಗಡಿ ಎಂದರೆ ಕೋಟೆಯ ಗೋಡೆ. ಹೊರಗಿನಿಂದ ವರ್ಮಾಂಟಿಗೆ ಬಂದವರು ಕ್ವಾರಂಟೈನ್ ಮುಗಿಸದೆ ಸ್ಕೀ ಹತ್ತುವಂತಿಲ್ಲ ಎಂದು ಸರ್ಕಾರ ಹೇಳಿತ್ತು. ಟಿಕೆಟ್ ಕೊಳ್ಳುವಾಗ ಮುಗಿಸಿದ್ದೇವೆ ಎಂದು ಬರೆದುಕೊಡಬೇಕು. ಜನ ಕಣ್ಣು ಮುಚ್ಚಿಕೊಂಡು ಬರೆದುಕೊಡುತ್ತಿದ್ದರು, ಅದು ಬೇರೆ ಮಾತು. ಜಿನೆಟ್ ಮಾತ್ರ ಬಿಡುವಿನಲ್ಲೆಲ್ಲ ಪಾರ್ಕಿಂಗ್ ಜಾಗ ಸುತ್ತಿ ಹೊರರಾಜ್ಯದ ನಂಬರ್ ಪ್ಲೇಟುಗಳನ್ನು ಬರೆದುಕೊಂಡು ಮೇಲಿನವರಿಗೆ ಕೊಡುತ್ತಿದ್ದಳು. ಜತೆಯ ಗಸ್ತಿನವರು ಅವಳ ಬೆನ್ನ ಹಿಂದೆ ಅವಳನ್ನು ಸುಂಕದ ಕಟ್ಟೆ ಎಂದು ಕರೆಯುತ್ತಿದ್ದರು. ಕರೆಯಲಿ ಬಿಡಿ, ಅವರ ಮನೆಯಲ್ಲಿ ಆಕ್ಸಿಜನ್ ಯಂತ್ರ ಗುಂಯ್‌ಗುಡುತ್ತಿರಲಿಲ್ಲವಲ್ಲ.

ಅವಳ ಒಡಹುಟ್ಟಿದ ಅಣ್ಣ ಆರ್ಮಂಡ್ ಇದ್ದದ್ದು ಗಡಿಯ ನದಿಯ ಆಚೆ, ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ. ಮನೆಯಿಂದ ಮನೆಗೆ ಹದಿಮೂರು ಮೈಲಿ, ನಡುವೆ ಒಂದು ಹಸಿರು ಸೇತುವೆ. ಜಿನೆಟ್‌ಗೆ ಸ್ಕೀ ಕಲಿಸಿದವನು, ಗಸ್ತಿಗೆ ಸೇರಿಸಿದವನು, ಇಪ್ಪತ್ತು ಎಣಿಸುವುದನ್ನು ಹೇಳಿಕೊಟ್ಟವನು ಅವನೇ. ಆಚೆ ದಡದಲ್ಲಿ ಗುಡ್ಡ ಇಲ್ಲವೇ, ಹಿಮ ಬೀಳುವುದಿಲ್ಲವೇ ಎಂದು ಕೇಳಬಹುದು. ಬೀಳುತ್ತದೆ, ಈಚೆಗಿಂತ ಒಂದು ಗೇಣು ಜಾಸ್ತಿಯೇ. ಆದರೆ ಊರಿಗೆಲ್ಲ ಒಂದು ದಾರಿಯಾದರೆ ಈ ಪೋರನಿಗೆ ಒಂದು ದಾರಿ, ಅರವತ್ತೇಳು ದಾಟಿದರೂ. ಯೌವನದಲ್ಲಿ ಅವನು ಕಾಬ್ ಗುಡ್ಡದ ಸ್ಪ್ರೂಸ್ ಕಾಡಿನೊಳಗೆ ಕೈಗರಗಸದಿಂದ ಕೊಂಬೆ ಸವರಿ ಸವರಿ ಜಾರಿ ಇಳಿಯಲು ಗುಟ್ಟಾಗಿ ಒಂದು ಗೆರೆ ಮಾಡಿಕೊಂಡಿದ್ದ. ನಕ್ಷೆಯಲ್ಲಿ ಇಲ್ಲದ ಆ ಗೆರೆ ಗೊತ್ತಿದ್ದದ್ದು ಅಣ್ಣ ತಂಗಿ ಇಬ್ಬರಿಗೆ. ಒಂದು ಜನವರಿಯಲ್ಲೂ ಅವನು ಅಲ್ಲಿ ಇಳಿಯುವುದನ್ನು ತಪ್ಪಿಸಿರಲಿಲ್ಲ.

ನವೆಂಬರಿನಲ್ಲಿ ಫೋನು ಮಾಡಿ ಕೇಳಿದ್ದ. "ಒಂದೇ ಒಂದು ದಿನ ಬರ್ತೀನಿ ಜಿನ್ನಿ. ನಿಮ್ಮನೆ ಹೊಸ್ತಿಲೂ ತುಳಿಯಲ್ಲ. ಸುಮ್ನೆ ಇಳ್ಕೊಂಡು ಹೋಗ್ತೀನಿ."

"ಸೇತುವೆ ದಾಟು ನೋಡೋಣ," ಎಂದಿದ್ದಳು ಜಿನೆಟ್. "ಮೊದಲು ಕಂಪ್ಲೇಂಟ್ ಮಾಡೋಳು ನಾನೇ. ಅಣ್ಣ ಅಂತ ಮುಖ ನೋಡಲ್ಲ. ಮಾಸ್ಕ್ ಹಾಕದೆ ಮರ ಕೊಯ್ಯೋ ಗಿರಣೀಲಿ ದಿನಾ ಹತ್ತು ಜನರ ಜತೆ ಊಟ ಮಾಡ್ತೀಯ, ನಿನಗೇನು ಗೊತ್ತು ನನ್ನ ಸಂಕಟ?"

"ಆಯ್ತು ಕಣೇ," ಎಂದು ಫೋನು ಇಟ್ಟವನು ಕ್ರಿಸ್‌ಮಸ್ಸಿಗೂ ಮಾತಾಡಿರಲಿಲ್ಲ. ಹೆಚ್ಚು ಅಂದೆ ಎಂದು ಅವಳಿಗೆ ಅನ್ನಿಸಿದ್ದುಂಟು. ಆದರೆ ಕೋಪದಲ್ಲಿ ಕೊಯ್ದ ಮೂಗು ಆಮೇಲೆ ಅಂಟುತ್ತದೆಯೇ. ಅವಳೂ ಸುಮ್ಮನಾಗಿದ್ದಳು.

ಗಸ್ತು ಮುಗಿಸಿ, ಪುಸ್ತಕದಲ್ಲಿ 'ಮೂರನೇ ದಾರಿ, ಯಾರೂ ಇಲ್ಲ' ಎಂದು ಬರೆದು ಸಹಿ ಹಾಕಿ, ಜಿನೆಟ್ ಕಾರು ಹತ್ತಿದಳು. ಬೆಳಕು ಬೂದಿಯಾಗುತ್ತಿತ್ತು. ಗುಡ್ಡದ ಬುಡ ಬಳಸಿ ಅರ್ಧ ಮೈಲಿ ಬಂದರೆ ಮುಚ್ಚಿಹೋದ ಹಾಲಿನ ಡೈರಿಯೊಂದಿದೆ. ಅದರ ಹಿಂದೆ ಒಂದು ನೀಲಿ ಪಿಕಪ್ ಟ್ರಕ್ಕಿನ ಮೂತಿ ಕಾಣಿಸಿತು. ಅವಳು ಬ್ರೇಕು ಒತ್ತಿದಳು.

ಟ್ರಕ್ಕಿನ ಮೇಲೆಲ್ಲೂ ಹಿಮ ಇರಲಿಲ್ಲ, ನಂಬರ್ ಪ್ಲೇಟಿನ ಮೇಲೆ ಮಾತ್ರ ಅಂಗೈಯಲ್ಲಿ ಒತ್ತಿ ಮೆತ್ತಿದ ಹಿಮ. ಕಳ್ಳನ ಜೀವ ಹುಳ್ಳುಳ್ಳಗೆ. ಕೆರೆದು ನೋಡುವ ಅಗತ್ಯವೇ ಇರಲಿಲ್ಲ. ಎಡಗಡೆಯ ಆ ನೆಗ್ಗಿದ ಬಾಗಿಲು ಅವಳಿಗೆ ಹನ್ನೆರಡು ವರ್ಷದಿಂದ ಗೊತ್ತು. "ಬಂದೇಬಿಟ್ಯಲ್ಲ, ಹಟಮಾರಿ," ಎಂದು ಬೈದುಕೊಂಡೇ ಇಳಿದಳು. ಬಾನೆಟ್ಟಿನ ಮೇಲೆ ಕೈಯಿಟ್ಟಳು, ಮಂಜುಗಡ್ಡೆ. ಸ್ಕೀ ಬೂಟಿನ ಹೆಜ್ಜೆಗಳು ಬಾಗಿಲಿಂದ ಹೊರಟು ಕಾಡಿನ ಅಂಚಿಗೆ ಹೋಗಿದ್ದವು. ಅಲ್ಲಿಂದ ಮುಂದೆ, ಹಿಂದಕ್ಕೆ ಜಾರದಂತೆ ಸ್ಕೀ ಅಡಿಗೆ ಪಟ್ಟಿ ಅಂಟಿಸಿಕೊಂಡು ಹತ್ತಿದ ಜೋಡಿ ಗೆರೆ. ಟಿಕೆಟ್ ಕೊಂಡರೆ ಸುಳ್ಳು ಬರೆದುಕೊಡಬೇಕಲ್ಲ, ಅದಕ್ಕೇ ನಡೆದೇ ಹತ್ತಿದ್ದಾನೆ. ಜಿನೆಟ್ ಡೈರಿಯ ಸುತ್ತ ಎರಡು ಸಲ ಬಂದಳು. ಹೋದ ಗುರುತಿತ್ತು, ವಾಪಸು ಬಂದ ಗುರುತಿರಲಿಲ್ಲ.

ಅವಳ ಬೈಗುಳ ಬಾಯಲ್ಲೇ ಒಣಗಿತು. ಥರ್ಮಾಮೀಟರು ಆಗಲೇ ಸೊನ್ನೆಯ ಕೆಳಗಿತ್ತು, ಇನ್ನೂ ಹದಿನೈದು ಡಿಗ್ರಿ ಇಳಿಯುತ್ತದೆ ಎಂದು ರೇಡಿಯೊ ಹೇಳಿತ್ತು. ಅವನ ಫೋನಿಗೆ ಹಚ್ಚಿದಳು. ಹೋಗಲಿಲ್ಲ. ಅವನ ಗೆರೆ ಶುರುವಾಗುವುದು ಮೂರನೇ ನಿಲ್ದಾಣದ ಕೆಳಗೆ. ಅಲ್ಲಿ ನಿಂತು ಕೂಗಿದವಳು ತಾನು, ಹನ್ನೊಂದಕ್ಕೆ ಟೋಪಿ ಹಾಕಿಕೊಂಡವಳು ತಾನು.

ವಾಕಿಟಾಕಿ ಹಿಡಿದಾಗ ಒಂದು ಕ್ಷಣ ಕೈ ತಡೆಯಿತು. ಯಾರು ಎಂದು ಹೇಳಲೇಬೇಕಾಗುತ್ತದೆ. ಕೇಳಿದವರೆಲ್ಲ ನಗುತ್ತಾರೆ. ನಗಲಿ.

"ಕ್ಲೇಟನ್, ಇನ್ನೂ ಅಲ್ಲೇ ಇದೀಯಾ? ಸ್ನೋಮೊಬೈಲಿಗೆ ಜಾರುಬಂಡಿ ಕಟ್ಟು. ಒಬ್ಬರು ಮೇಲೇ ಉಳಿದಿದಾರೆ."

ಜತೆಯ ಗಸ್ತಿನವನಾದ ಕ್ಲೇಟನ್ ಅವಳಿಗಿಂತ ಇಪ್ಪತ್ತು ವರ್ಷ ಚಿಕ್ಕವನು. ಹಿಂದಿನ ವಾರವಷ್ಟೇ ಮಾಸ್ಕ್ ಗಲ್ಲಕ್ಕೆ ಇಳಿಸಿದ್ದಕ್ಕೆ ಅವಳಿಂದ ಎಲ್ಲರೆದುರು ಮಂಗಳಾರತಿ ಮಾಡಿಸಿಕೊಂಡಿದ್ದವನು. "ಯಾರು?" ಎಂದ.

"ನಮ್ಮಣ್ಣ."

"ನದಿ ಆಚೆಯವರಾ?"

"ಹೌದಪ್ಪ, ನದಿ ಆಚೆಯವನೇ. ಬಯ್ಯೋದಿದ್ರೆ ಆಮೇಲೆ ಬಯ್ಯಿ, ಈಗ ಗಾಡಿ ತಗೊಂಡು ಬಾ."

ಕ್ಲೇಟನ್ ಬಯ್ಯಲಿಲ್ಲ, ನಗಲೂ ಇಲ್ಲ. ಐದು ನಿಮಿಷದಲ್ಲಿ ಬಂದ. ಅವಳನ್ನು ಹಿಂದೆ ಕೂರಿಸಿಕೊಂಡು, ಕಣ್ಣಲ್ಲಿ ನೀರು ಕಟ್ಟಿ ಹೆಪ್ಪುಗಟ್ಟುವ ವೇಗದಲ್ಲಿ ಮೂರನೇ ದಾರಿ ಹತ್ತಿದ. ನಿಲ್ದಾಣದ ಹತ್ತಿರ ಜಿನೆಟ್ ಇಳಿದು ಸ್ಕೀ ಕಟ್ಟಿಕೊಂಡಳು. ಈ ಮರಗಳ ನಡುವೆ ಗಾಡಿ ನುಗ್ಗುವುದಿಲ್ಲ. ಕ್ಲೇಟನ್ ಜಾರುಬಂಡಿ ಬಿಚ್ಚಿ ಕೆಳಗಿನ ತಿರುವಿನಿಂದ ಎಳೆದುಕೊಂಡು ಬರಬೇಕು.

"ಇಪ್ಪತ್ತು ನಿಮಿಷ ಬೇಕು," ಎಂದ.

"ಹದಿನೈದರಲ್ಲಿ ಬಾ."

ಅವಳು ಕಾಡಿಗೆ ಮುಖ ಮಾಡಿದಳು. ಅಭ್ಯಾಸಬಲದಿಂದ 'ಮುಚ್ತಾ ಇದೀವಿ' ಎಂದೇ ಬಾಯಿಗೆ ಬಂತು, ನುಂಗಿಕೊಂಡಳು. "ಆರ್ಮಂಡ್," ಎಂದು ಕೂಗಿದಳು. "ನಾನು ಜಿನ್ನಿ. ನಾನು ಯಾರಿಗೂ ಕಂಪ್ಲೇಂಟ್ ಮಾಡಲ್ಲ. ಎಲ್ಲಿದೀಯೋ?" ಎಣಿಸಿದಳು. ಇಪ್ಪತ್ತಾಯಿತು, ಮೂವತ್ತಾಯಿತು. ಕೊಂಬೆಯಿಂದ ಹಿಮ ಉದುರಿದ ಸದ್ದು ಬಿಟ್ಟರೆ ಏನಿಲ್ಲ. ಹಣೆಯ ದೀಪ ಹಚ್ಚಿ ಗೆರೆಗೆ ಇಳಿದಳು. ಮತ್ತೆ ಕೂಗಿದಳು. ಮೂರನೇ ಸಲ ಕೂಗುವಾಗ ದನಿ ಅಳುವಾಗಿತ್ತು.

ಕೆಳಗಿನಿಂದ ಟಕ್ ಟಕ್ ಎಂದಿತು. ಸ್ಕೀ ಕೋಲಿನಿಂದ ಮರಕ್ಕೆ ಬಡಿಯುವ ಸದ್ದು.

ದೊಡ್ಡ ಸ್ಪ್ರೂಸ್ ಒಂದರ ಬುಡದ ಗುಂಡಿಯಲ್ಲಿ ಆರ್ಮಂಡ್ ಸೊಂಟದವರೆಗೆ ಹಿಮದಲ್ಲಿ ಕೂತಿದ್ದ. ಒಂದು ಮೊಣಕಾಲು ಇರಬಾರದ ಕಡೆಗೆ ತಿರುಗಿತ್ತು. ಹುಬ್ಬು ಮೀಸೆಯೆಲ್ಲ ಬಿಳಿ. ಬೆರಳುಗಳು ಮೇಣದಂತಾಗಿದ್ದವು. ಅವನು ನಡುಗುತ್ತಿರಲಿಲ್ಲ. ಗಸ್ತಿನವರಿಗೆ ಅದರ ಅರ್ಥ ಯಾರೂ ಹೇಳಬೇಕಾಗಿಲ್ಲ. ಚಳಿಗೆ ನಡುಗುವವನು ಬದುಕುತ್ತಾನೆ, ನಡುಕ ನಿಂತವನಿಗೆ ಹೆಚ್ಚು ಹೊತ್ತಿಲ್ಲ.

ಜಿನೆಟ್ ಸ್ಕೀ ಕಳಚಿ ಗುಂಡಿಗೆ ಇಳಿದಳು. ಚೀಲದಲ್ಲಿದ್ದ, ಮೈಶಾಖ ಹಿಡಿದಿಡುವ ತಗಡಿನಂಥ ಹೊದಿಕೆ ತೆಗೆದಳು. ಅದೊಂದೇ ಸಾಲುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ದೂರ ಇರು," ಎಂದ ಆರ್ಮಂಡ್. ಕುಡಿದವನ ಹಾಗೆ ನಾಲಿಗೆ ತೊದಲುತ್ತಿತ್ತು. "ವೆಂಡೆಲ್... ದೂರ."

"ಜ್ವರ ಇದೆಯಾ? ಕೆಮ್ಮು?"

"ನಂಗೇನಿಲ್ಲ. ಗಿರಣೀಲಿ... ಇಬ್ರಿಗೆ ಬಂದಿದೆ. ಸೋಮವಾರ."

ಅವಳ ಕೈ ಜಾಕೆಟ್ಟಿನ ಜಿಪ್ಪಿನ ಮೇಲೆ ನಿಂತಿತು. ಹತ್ತು ತಿಂಗಳು ಅವಳು ಕಾದುಕೊಂಡು ಬಂದದ್ದೆಲ್ಲ ಒಂದು ಕಡೆ: ಕುದಿಸಿ ಒಣಗಿಸಿದ ಮಾಸ್ಕುಗಳು, ಹೊಸ್ತಿಲ ಹೊರಗೇ ಬಿಚ್ಚಿದ ಬಟ್ಟೆಗಳು, ಅಡುಗೆಮನೆಯಲ್ಲಿ ನಳಿಕೆ ಎಳೆದುಕೊಂಡು ಅವಳಿಗೆ ಕಾಫಿ ಬಿಸಿ ಮಾಡಿಡುವ ವೆಂಡೆಲ್. ಇನ್ನೊಂದು ಕಡೆ ಈ ಹಟಮಾರಿ, ತುಟಿ ನೀಲಿಗಟ್ಟಿದವನು. ಬಂದದ್ದು ತಪ್ಪು, ಮೂರು ಪಟ್ಟು ತಪ್ಪು. ಅವಳಿಗೆ ಈಗಲೂ ಸಿಟ್ಟು ಬರುತ್ತಿತ್ತು.

"ನಿನ್ನ ಹಣೆಬರಹಕ್ಕಿಷ್ಟು," ಎಂದು ಜಾಕೆಟ್ಟು ಬಿಚ್ಚಿದಳು. ಅವನ ಜಾಕೆಟ್ಟನ್ನೂ ಬಿಚ್ಚಿದಳು. ಎದೆಗೆ ಎದೆ ಕೊಟ್ಟು ಅವನನ್ನು ಬಾಚಿ ತಬ್ಬಿ, ಎರಡು ಜಾಕೆಟ್ಟೂ ಹೊದಿಕೆಯೂ ಮೇಲೆ ಎಳೆದುಕೊಂಡಳು. ಅವನ ಮೈ ಕಲ್ಲಿನಷ್ಟು ತಣ್ಣಗಿತ್ತು. ಅವನ ಕೈಗಳನ್ನು ತನ್ನ ಕಂಕುಳಲ್ಲಿ ಒತ್ತಿಕೊಂಡಳು. ಮಾಸ್ಕು ಉಸಿರಿಗೆ ಒದ್ದೆಯಾಗಿ ಹೆಪ್ಪುಗಟ್ಟಿ ಹಲಗೆಯಾಗಿತ್ತು. ಕಿತ್ತೆಸೆದು ಅವನ ಕತ್ತಿಗೆ ಬಾಯಿಟ್ಟು ಬಿಸಿಯುಸಿರು ಬಿಡತೊಡಗಿದಳು.

"ಮಲಗಬೇಡ. ಏನಾದ್ರೂ ಮಾತಾಡ್ತಿರು. ಎಷ್ಟು ಹೊತ್ತಿಗೆ ಬಿದ್ದೆ?"

"ಮೂರು... ಮೂರೂವರೆ."

"ಹಾಗಾದ್ರೆ ನಾನು ಕೂಗಿದಾಗ ಇಲ್ಲೇ ಇದ್ದೆ."

"ಹೂಂ."

"ಕೇಳಿಸ್ಲಿಲ್ವಾ?"

"ಕೇಳಿಸ್ತು," ಎಂದ. ಅವಳು ಮುಂದೆ ಕೇಳಲಿಲ್ಲ. ಕೇಳಲು ಧೈರ್ಯ ಬರಲಿಲ್ಲ. ಅವನ ಬೆನ್ನು ತಿಕ್ಕುತ್ತ, ಅವನು ಕಣ್ಣು ಮುಚ್ಚಿದಾಗಲೆಲ್ಲ ಕೆನ್ನೆಗೆ ಪಟಪಟ ತಟ್ಟುತ್ತ, ಚಿಕ್ಕಂದಿನ ನೆರೆಹೊರೆಯವರ ಹೆಸರುಗಳನ್ನೆಲ್ಲ ಒಂದೊಂದಾಗಿ ಅವನಿಂದ ಹೇಳಿಸಿದಳು. ಎಷ್ಟು ಹೊತ್ತಾಯಿತೋ, ಅವನ ದವಡೆ ಒಮ್ಮೆ ಕಟಕಟ ಎಂದಿತು. ಆಮೇಲೆ ಭುಜ. ಆಮೇಲೆ ಇಡೀ ಮೈ ಮಲೇರಿಯಾ ಬಂದವರ ಹಾಗೆ ನಡುಗತೊಡಗಿತು. ಜಿನೆಟ್ ಅತ್ತುಬಿಟ್ಟಳು.

ಕ್ಲೇಟನ್ ಬಂದಾಗ ಅಣ್ಣ ತಂಗಿ ಒಂದೇ ಗಂಟಿನಂತೆ ಕೂತಿದ್ದರು. ಅವನು ಅವಳ ಬರಿಮುಖ ನೋಡಿದ. ಬಗ್ಗಿ ಆರ್ಮಂಡ್‌ನ ಕಾಲಿಗೆ ಪಟ್ಟಿ ಕಟ್ಟಿದ. ಇಬ್ಬರೂ ಸೇರಿ ಜಾರುಬಂಡಿಯನ್ನು ಮರದಿಂದ ಮರಕ್ಕೆ ಹಗ್ಗ ಹಾಕಿ ಇಳಿಸಿದರು. ಬುಡ ತಲುಪುವಾಗ ಏಳು ಹೊಡೆದಿತ್ತು, ಆಂಬುಲೆನ್ಸು ಬಂದು ನಿಂತಿತ್ತು. ಅದರ ಬಾಗಿಲು ಮುಚ್ಚುವ ಮೊದಲು ಆರ್ಮಂಡ್ ಅವಳ ತೋಳು ಹಿಡಿದು ಬಗ್ಗಿಸಿ ಕಿವಿಯಲ್ಲಿ ಏನೋ ಹೇಳಿದ. ಅವಳು ತಲೆಯಾಡಿಸಿ ಹೊದಿಕೆ ಸರಿಮಾಡಿದಳು.

ಗಸ್ತಿನ ಗುಡಿಸಲಿನಲ್ಲಿ ಯಾರೂ ಇರಲಿಲ್ಲ. ಇನ್ನು ಎರಡು ವಾರ ಅದೇ ಅವಳ ಮನೆ. ಒಲೆ ಹೊತ್ತಿಸಿ, ವೆಂಡೆಲ್‌ಗೆ ಫೋನು ಹಚ್ಚಿದಳು. ಔಷಧಿಯನ್ನು ಕ್ಲೇಟನ್ ನಾಳೆ ಬೆಳಿಗ್ಗೆ ತಂದು ಬಾಗಿಲಲ್ಲಿಡುತ್ತಾನೆ, ಫ್ರೀಜರಿನ ಎಡಮೂಲೆಯಲ್ಲಿ ಬೀನ್ಸ್ ಸೂಪು ಇದೆ, ನಾನು ಹದಿನಾಲ್ಕು ದಿನ ಬರುವ ಹಾಗಿಲ್ಲ ಎಂದಳು. ಆಮೇಲೆ ಎಲ್ಲವನ್ನೂ ಹೇಳಿದಳು.

ವೆಂಡೆಲ್ ಉಸಿರು ಕೂಡಿಸಿಕೊಂಡು ಕೇಳಿದ. "ಬದುಕ್ಕೋತಾನಂತಾ?"

"ಬದುಕ್ಕೋತಾನೆ. ಎರಡು ಬೆರಳು ಹೋಗ್ಬಹುದು."

"ನೀನು ಅಲ್ಲೇ ನಿಂತು ಕೂಗಿದೀಯ. ಅವನೂ ಗಸ್ತಿನಲ್ಲಿದ್ದೋನು. ಓಗೊಡೋಕೇನಾಗಿತ್ತು ಅವನಿಗೆ?"

ಜಿನೆಟ್ ಒಲೆಯ ಬಾಗಿಲು ಮುಚ್ಚಿದಳು.

"ಬೇರೆ ಯಾರಾದ್ರೂ ಕೂಗಿದ್ದಿದ್ರೆ ಓಗೊಡ್ತಿದ್ನಂತೆ," ಎಂದಳು.