ಡ್ರೈವರಮ್ಮ ನೀರು ಕೇಳಿದ್ದು

ಸಿಟಿ ಬಸ್ಸಿನ ಸ್ಟೀರಿಂಗ್ ಹಿಡಿದು ಅರ್ಧ ಆಯಸ್ಸು ಕಳೆದ ಡ್ರೈವರಮ್ಮನಿಗೆ ನೀರೆಂದರೆ ಶತ್ರು. ಕುಡಿದರೆ ಇಳಿಯಬೇಕು, ಇಳಿದರೆ ಬಸ್ಸು ತಡ, ಕೊನೆಯ ಸ್ಟಾಪಿನ ಶೌಚಾಲಯಕ್ಕೋ ಸದಾ ಬೀಗ. ಹಾಗಾಗಿ ಬೆಳಿಗ್ಗೆ ಒಂದು ಲೋಟ ಚಹಾ ಕುಡಿದರೆ ಮತ್ತೆ ಮನೆ ಸೇರುವವರೆಗೆ ಏನೂ ಇಲ್ಲ. ಬರುಬರುತ್ತಾ ಬಾಯಾರಿಕೆಯೂ ಅವಳ ಕಡೆ ತಲೆಹಾಕುವುದನ್ನು ಬಿಟ್ಟಿತ್ತು.

ಇಂಥವಳಿಗೆ ಮ್ಯಾರಥಾನಿನ ಹುಚ್ಚು ಹಿಡಿಯಿತು. ಹೋದ ವರ್ಷ ಮೂವತ್ತನೆಯ ಕಿಲೋಮೀಟರಿನಲ್ಲಿ, ಆಸ್ಪತ್ರೆ ಸ್ಟಾಪಿನ ಮುಂದೆಯೇ, ಕಣ್ಣು ಕತ್ತಲೆ ಬಂದು ಬಿದ್ದಳು. "ಕಾಲು ಗಟ್ಟಿ ಇದೆ, ಮೈಯಲ್ಲಿ ನೀರೇ ಇಲ್ಲ. ಇನ್ನೊಂದ್ಸಲ ಹೀಗಾದ್ರೆ ಓಡೋದು ಬಿಟ್ಬಿಡಿ" ಎಂದರು ಡಾಕ್ಟರು. ದಿನವಿಡೀ ಕೂತೇ ಇರುವ ಅವಳಿಗೆ ಓಟವೊಂದೇ ಸುಖ. ಈ ಸಲ ಮುಗಿಸಬೇಕು, ಇಲ್ಲವೇ ಶೂ ಕಳಚಿಡಬೇಕು.

ಆಗ ಟೊಂಕ ಕಟ್ಟಿ ನಿಂತವರು ಅತ್ತೆ. ಅತ್ತೆ ಸೊಸೆ ಎಂದರೆ ಎಣ್ಣೆ ಸೀಗೆಕಾಯಿ ಎನ್ನುವವರು ಈ ಮನೆಗೊಮ್ಮೆ ಬಂದು ನೋಡಬೇಕು. ಮೊದಲ ಭಾನುವಾರ ಹೊಟ್ಟೆ ಬಿರಿಯುವಷ್ಟು ಅನ್ನ ಬಡಿಸಿ ಓಡಲು ಕಳಿಸಿದರು. ಸೊಸೆ ಬೀದಿಯ ತುದಿ ಮುಟ್ಟಿ, ಪಕ್ಕೆ ಹಿಡಿದುಕೊಂಡು ವಾಪಸು ಬಂದಳು.

"ನಾನೇನು ಮದುವೆ ಊಟಕ್ಕೆ ಹೊರಟಿದ್ನಾ ಅತ್ತೆ?"

"ಸರಿ ಬಿಡು, ಅನ್ನ ಹಿಂದಿನ ದಿನಕ್ಕಾಯ್ತು."

ಹೀಗೆ ಎಡವಿ ಎದ್ದು ಒಂದು ಕ್ರಮ ಕುದುರಿತು. ಹಿಂದಿನ ದಿನಗಳಲ್ಲಿ ಅನ್ನ, ಆಲೂಗಡ್ಡೆ ಜಾಸ್ತಿ. ಓಟದ ಬೆಳಿಗ್ಗೆ ಬೇಗ ಎದ್ದು ಬ್ರೆಡ್ಡು, ಬಾಳೆಹಣ್ಣು. ದಾರಿಯಲ್ಲಿ ಖರ್ಜೂರ, ಉಪ್ಪು ಸಕ್ಕರೆ ಹಾಕಿದ ನಿಂಬೆನೀರು, ಅದೂ ಗಟಗಟನೆ ಅಲ್ಲ, ಗುಟುಕು ಗುಟುಕಾಗಿ. ಆ ದಿನ ಹೊಸದೇನನ್ನೂ ಬಾಯಿಗೆ ಹಾಕಕೂಡದು.

ತಿನ್ನುವುದನ್ನು ಸೊಸೆ ಕಲಿತಳು, ಕುಡಿಯುವುದು ಮಾತ್ರ ಬರಲಿಲ್ಲ. ಬಾಟಲಿ ಹೋದ ಹಾಗೇ ಮನೆಗೆ ಬರುತ್ತಿತ್ತು. "ಬಾಯಾರ್ಲಿಲ್ಲ ಅತ್ತೆ" ಎನ್ನುವಳು. ಅತ್ತೆ ಬೈಯಲಿಲ್ಲ. ಒಂದು ದಿನ ಅವಳ ಬಸ್ಸನ್ನೇ ಹತ್ತಿ, ಮುಂದಿನ ಸೀಟಿನಲ್ಲಿ ಕೂತು ಸಂಜೆಯವರೆಗೂ ಸುತ್ತಿದರು. ಇಳಿಯುವಾಗ ಕೇಳಿದರು, "ಎಷ್ಟೇ ತಡ ಆಗಿದ್ರೂ ಸ್ಟಾಪಲ್ಲಿ ಯಾರಾದ್ರೂ ಕೈ ಅಡ್ಡ ಹಾಕಿದ್ರೆ ನಿಲ್ಲಿಸ್ತೀಯಲ್ಲೇ?"

"ನಾನೆಲ್ಲಿ ನಿಲ್ಲಿಸ್ತೀನಿ ಅತ್ತೆ, ಕಾಲೇ ನಿಲ್ಲಿಸುತ್ತೆ."

ಓಟದ ದಿನ ಬಂತು. ದಾರಿ ಅವಳು ದಿನಾ ಬಸ್ಸು ಓಡಿಸುವ ದಾರಿಯೇ. ಮೈ ಹಗುರವಾಗಿತ್ತು. ಮೊದಲ ನೀರಿನ ಮೇಜು ಬಂತು, ಈಗಲೇ ಯಾಕೆ ಎಂದು ದಾಟಿದಳು. ಎರಡನೆಯದರ ಹತ್ತಿರ ನೂಕುನುಗ್ಗಲು ಎಂದು ಅದನ್ನೂ ದಾಟಿದಳು. ಹೋದ ವರ್ಷವೂ ಇದೇ ಕಥೆ.

ಲೈಬ್ರರಿ ಸ್ಟಾಪಿನಲ್ಲಿ ಯಾರೋ ಕೈ ಅಡ್ಡ ಹಾಕಿದರು. ತಲೆಗೆ ತಿಳಿಯುವ ಮೊದಲೇ ಕಾಲು ನಿಂತಿತು. ನೋಡಿದರೆ ಟೈಲರ್ ಕೆಲಸದ ಅವಳ ಗಂಡ, ಕೊರಳಲ್ಲಿ ಟೇಪು, ಕೈಯಲ್ಲಿ ಬಾಟಲಿ.

"ಏನ್ರೀ ಇದು?"

"ಅಮ್ಮನ ಆರ್ಡರು. ಕುಡಿದು ಹೊರಡು."

ಮುಂದೆ ಮಾರ್ಕೆಟ್ ಸ್ಟಾಪಿನಲ್ಲಿ ಅವಳ ಕಂಡಕ್ಟರ್ ನಿಂತಿದ್ದ. ನಿಂಬೆನೀರು ಕುಡಿಸಿ, ಖರ್ಜೂರ ಕೈಗಿಟ್ಟು, ಸೀಟಿ ಊದಿ "ರೈಟ್ ರೈಟ್ ಅಕ್ಕಾ!" ಎಂದು ಕೂಗಿದ. ಅದರಾಚೆ ದಿನಾ ಮೊದಲ ಬಸ್ಸಿಗೆ ಏದುಸಿರು ಬಿಡುತ್ತಾ ಬರುವ ನರ್ಸಮ್ಮ. ಅದರಾಚೆ ಕೋಲೂರಿಕೊಂಡು ಹತ್ತುವ ಮುದಿ ಮೇಷ್ಟ್ರು. ಒಂದಲ್ಲ ಒಂದು ದಿನ ಅವಳು ಬಸ್ಸು ನಿಲ್ಲಿಸಿ ಹತ್ತಿಸಿಕೊಂಡವರೇ ಎಲ್ಲ. ಅತ್ತೆ ಯಾವಾಗ ಇವರನ್ನೆಲ್ಲ ಹಿಡಿದರೋ! ಅವಳ ಎದೆ ತುಂಬಿ ಬಂತು.

ಆಸ್ಪತ್ರೆ ಸ್ಟಾಪು ಬಂತು. ಅವಳು ಬಿದ್ದಿದ್ದ ಜಾಗದಲ್ಲೇ, ಮಂಡಿನೋವಿನ ಕಾಲನ್ನು ಊರಿಕೊಂಡು, ಅತ್ತೆ ಕೈ ಎತ್ತಿ ನಿಂತಿದ್ದರು. ಡ್ರೈವರಮ್ಮ ನಿಂತಳು. ಕುಡಿಯುತ್ತಾ ಕುಡಿಯುತ್ತಾ ಕಣ್ಣಲ್ಲಿ ನೀರು ಬಂತು.

"ಅಳ್ಬೇಡ ಕಣೇ, ಕುಡಿಸಿದ್ದೆಲ್ಲ ಹೊರಗೆ ಹೋಗುತ್ತೆ" ಎಂದರು ಅತ್ತೆ.

ಓಟ ಊರು ಸುತ್ತಿ ಮುಗಿದದ್ದು ಆಸ್ಪತ್ರೆಯ ಹಿಂದಿನ ಮೈದಾನದಲ್ಲಿ. ಪದಕ ಕೊರಳಿಗೆ ಬಿದ್ದದ್ದೇ ತಡ, ಡ್ರೈವರಮ್ಮ ಕುಂಟುತ್ತಾ ಸ್ಟಾಪಿಗೆ ಬಂದಳು. ರಸ್ತೆ ಮುಚ್ಚಿ ಬಸ್ಸಿಲ್ಲದೆ ಅತ್ತೆ ಅಲ್ಲೇ ಬೆಂಚಿನ ಮೇಲೆ ಕೂತಿದ್ದರು. ನಿಮ್ಮಿಂದಲೇ ಮುಗಿಸಿದೆ ಎಂದು ಹೇಳಬೇಕೆಂದೇ ಬಂದಿದ್ದಳು. ಪಕ್ಕದಲ್ಲಿ ಕೂತಾಗ ಬಾಯಿಗೆ ಬಂದದ್ದೇ ಬೇರೆ.

"ಅತ್ತೆ, ಬಾಯಾರ್ತಿದೆ. ನೀರಿದೆಯಾ?"

ಅತ್ತೆ ಅವಳ ಮುಖವನ್ನೇ ನೋಡಿದರು. ಈ ಮನೆಗೆ ಬಂದಾಗಿನಿಂದ ಸೊಸೆ ಬಾಯಿಬಿಟ್ಟು ನೀರು ಕೇಳಿದ್ದು ಇದೇ ಮೊದಲು. ಬಾಟಲಿಯ ಮುಚ್ಚಳ ತೆಗೆದು ಅವಳ ಕೈಗಿಟ್ಟರು.