ಕ್ರಮಸಂಖ್ಯೆ ಇಪ್ಪತ್ತೊಂದು

ಏಳೂವರೆಗೆ ಗೋದಾಮಿನ ಕಬ್ಬಿಣದ ಬಾಗಿಲು ತೆರೆಯುತ್ತದೆ. ಏಳೂಮುಕ್ಕಾಲರೊಳಗೆ ಇಪ್ಪತ್ತೊಂದು ಹೆಂಗಸರೂ ಒಳಗಿರಬೇಕು. ಎಂಟಕ್ಕೆ ಮೊದಲ ಮೂಟೆ ಬಿಚ್ಚಬೇಕು. ಹನ್ನೆರಡೂವರೆಗೆ ಊಟ, ಆರಕ್ಕೆ ಕೆಲಸ ಮುಗಿಯುತ್ತದೆ, ಆಮೇಲೆ ಬಾಗಿಲಲ್ಲಿ ಮೈ ತಡವುವ ತಪಾಸಣೆ: ಮೊದಲು ಕೈ, ನಂತರ ಸೊಂಟ, ನಂತರ ತುರುಬು, ಕೊನೆಗೆ ಚಪ್ಪಲಿ. ಆ ಬುಧವಾರ ಮಾತ್ರ ಈ ಕ್ರಮ ತಪ್ಪಿತು. ತಪಾಸಣೆ ಬೆಳಿಗ್ಗೆಯೇ ನಡೆಯಿತು.

“ತುರುಬು ಬಿಚ್ಚೇ ಲೌಡಿ,” ಎಂದ ಮೇಸ್ತ್ರಿ. “ಒಳಗೇನು ಸಂಸಾರ ಹೂಡಿದ್ದೀಯ?”

ಪಿನ್ನಿ ಬಿಚ್ಚಿದಳು. ಎರಡು ಗುಂಡುಪಿನ್ನು ನೆಲಕ್ಕೆ ಬಿದ್ದವು. ಹಳೆಯ ಕಡತಗಳಿಂದ ಪಿನ್ನು ಕೀಳುವುದು ಅವಳ ಕೆಲಸ. ಪಿನ್ನಿ ಎಂಬ ಹೆಸರು ಅಂಟಿಕೊಂಡದ್ದೂ ಅದರಿಂದಲೇ. ಮೇಸ್ತ್ರಿ ಪಿನ್ನುಗಳನ್ನು ಹೆಕ್ಕಿ, ಬೆಳಕಿಗೆ ಹಿಡಿದು ನೋಡಿ, “ಕಳ್ಳ ಮುಂಡೇದೇ” ಎಂದು ಬೈದು ತನ್ನ ಜೇಬಿಗೆ ಹಾಕಿಕೊಂಡ. ಆಮೇಲೆ ಎಲ್ಲರಿಗೂ ಕೇಳುವಂತೆ ಅಪ್ಪಣೆ ಹೊರಡಿಸಿದ. ಓದು ಪರೀಕ್ಷಿಸುವ ಸಮೀಕ್ಷೆಯವರು ಹತ್ತಕ್ಕೆ ಬರುತ್ತಾರೆ. ಕರೆದವಳು ಹೋಗಿ ಕೂರಬೇಕು, ಹಾಳೆ ಕೊಟ್ಟರೆ ನೋಡಬೇಕು, ಬರುವುದಿಲ್ಲವೆಂದು ಹೇಳಿ ಎದ್ದು ಬರಬೇಕು. ಯಾವಳಾದರೂ ಒಂದಕ್ಷರಕ್ಕೆ ಬಾಯಿ ತೆರೆದರೆ ನಾಳೆಯಿಂದ ಅವಳಿಗೆ ಈ ಬಾಗಿಲಿಲ್ಲ.

ಈ ಬೆದರಿಕೆಗೆ ಕಾರಣವಿತ್ತು. ಆಸ್ಪತ್ರೆ, ಕೋರ್ಟು, ಕಚೇರಿಗಳು ನಾಶಪಡಿಸಲು ಕೊಟ್ಟ ಗುಟ್ಟಿನ ಕಾಗದಗಳು ಈ ಗೋದಾಮಿಗೆ ಬರುತ್ತಿದ್ದವು. ಹೆಂಗಸರು ಅವುಗಳ ಪಿನ್ನು, ದಾರ, ರಟ್ಟು ಬೇರ್ಪಡಿಸಿ ಚೂರು ಮಾಡುವ ಯಂತ್ರಕ್ಕೆ ಒಡ್ಡುತ್ತಿದ್ದರು. ಗುಟ್ಟು ಹೊರಬೀಳುವುದಿಲ್ಲವೆಂಬುದಕ್ಕೆ ಧಣಿ ಕೊಡುತ್ತಿದ್ದ ಭರವಸೆ ಒಂದೇ: ತನ್ನ ಹೆಂಗಸರಿಗೆ ಅಕ್ಷರವೆಂದರೆ ಇರುವೆಸಾಲು. ‘ನನಗೆ ಓದು ಬರುವುದಿಲ್ಲ’ ಎಂಬ ಪತ್ರಕ್ಕೆ ಪ್ರತಿ ವರ್ಷ ಅವರ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದ. ಪತ್ರವನ್ನು ತನ್ನ ಕಡೆಗೇ ತಿರುಗಿಸಿಟ್ಟುಕೊಂಡಿರುತ್ತಿದ್ದ. ಎದುರಿಗೆ ನಿಂತವಳು ಬೆರಳು ಚಾಚಿದರೆ ಸಾಕಿತ್ತು. ಹೋದ ವರ್ಷ ಪಿನ್ನಿ ಮೊದಲು ಅದನ್ನು ಪೂರ್ತಿ ಓದಿದಳು. ಆಮೇಲೆ ಒತ್ತಿದಳು.

ಅವಳಿಗೆ ಕಲಿಸಿದವಳು ಎದುರಜ್ಜಿ. ಎರಡು ಮೊಳ ಅಗಲದ ಮೇಜಿನ ಆಚೆ ಬದಿಗೆ ಕೂತು, ಮೂಟೆಯಿಂದ ಹಾಳೆ ತೆಗೆದು ಈಚೆಗೆ ತಳ್ಳುವ ಮುದುಕಿ. ಚಿಕ್ಕಂದಿನಲ್ಲಿ ಕಲಿತ ಓದನ್ನು ಮೂವತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಬದುಕಿದವಳು. ಮೇಜಿನ ಬಳಿ ಮಾತಾಡಕೂಡದು. ಆದ್ದರಿಂದ ಅಜ್ಜಿ ಹಾಳೆಯನ್ನು ತನ್ನ ಮುಂದಿಟ್ಟು, ಒಂದು ಪದದ ಕೆಳಗೆ ಬೆರಳಿಟ್ಟು, ತುಟಿ ಮಾತ್ರ ಆಡಿಸುತ್ತಿದ್ದಳು. ಪಿನ್ನಿ ಈಚೆಯಿಂದ ತುಟಿಯನ್ನೂ ಬೆರಳನ್ನೂ ನೋಡುತ್ತಿದ್ದಳು. ಕಲಿತ ಮೊದಲ ಪದ ‘ರದ್ದು’. ದಿನಕ್ಕೆ ಸಾವಿರ ಹಾಳೆಯ ಮೇಲೆ ಅದೇ ಮುದ್ರೆ. ಎರಡನೆಯದು ‘ವಿಲೇವಾರಿ’. ನಾಲ್ಕು ವರ್ಷ ಹೀಗೇ ಸಾಗಿತು. ಅಜ್ಜಿಗೆ ನೆಟ್ಟಗಿದ್ದ ಹಾಳೆ ಪಿನ್ನಿಗೆ ತಲೆಕೆಳಗು, ಸಾಲು ಬಲದಿಂದ ಎಡಕ್ಕೆ. ಅದು ತಲೆಕೆಳಗೆಂದು ಅವಳಿಗೆ ಹೇಳುವವರು ಯಾರೂ ಇರಲಿಲ್ಲ. ಒಂದು ಹಾಳೆಯನ್ನೂ ಮನೆಗೆ ಒಯ್ಯುವಂತಿರಲಿಲ್ಲ. ಬೀದಿಯ ಬೋರ್ಡುಗಳು ಅವಳ ಪಾಲಿಗೆ ಗೋಡೆಗೆ ಬಳಿದ ಬಣ್ಣ. ಕಾಗದವನ್ನಾದರೆ ತಿರುಗಿಸಿಕೊಳ್ಳಬಹುದು, ಬೋರ್ಡನ್ನು ಹಾಗೆ ತಿರುಗಿಸಲಾದೀತೇ?

ಬಾಯಿ ಮುಚ್ಚಿಕೊಂಡೇ ಇರಬಹುದಿತ್ತು. ಆದರೆ ಸೋಮವಾರ ಅವಳು ಶಾಲೆಗೆ ಹೋಗಿದ್ದಳು.

ಶಾಲೆಯಲ್ಲಿ ಎರಡು ಕೋಣೆ. ಒಂದು ಓದಿನದು, ಇನ್ನೊಂದು ಕೈಕೆಲಸದ್ದು. ಪಿನ್ನಿಯ ಎಂಟು ವರ್ಷದ ಮಗಳು ಎರಡನೆಯದರಲ್ಲಿ ಕೂತು ಕಾಗದದ ಚೀಲ ಅಂಟಿಸುತ್ತಿದ್ದಳು. ಚೀಲಗಳು ಧಣಿಯ ಅಂಗಡಿಗೆ ಹೋಗುತ್ತಿದ್ದವು. ಮಗುವಿನ ಬೆರಳ ಸಂದಿಯಲ್ಲಿ ಅಂಟು ಒಣಗಿ ಸಿಪ್ಪೆ ಏಳುತ್ತಿತ್ತು. ಓದಿನ ಕೋಣೆಗೆ ಹಾಕಿರೆಂದು ಪಿನ್ನಿ ಬೇಡಿಕೊಂಡಾಗ ಹೆಡ್‌ಮಾಸ್ಟರು ಕೂರಲು ಹೇಳದೆ ಮಾತಾಡಿದರು. ಮನೆಯಲ್ಲಿ ಒಬ್ಬರಿಗಾದರೂ ಓದು ಬರುವ ಮಕ್ಕಳಿಗೆ ಮಾತ್ರ ಆ ಕೋಣೆಯೆಂದು ಸಂಶೋಧನೆಯವರು ಸಲಹೆ ಕೊಟ್ಟಿದ್ದಾರಂತೆ. ಉಳಿದವರ ಮೇಲೆ ಹಾಕುವ ಶ್ರಮ ದಂಡವಂತೆ.

“ನಂಗೆ ಬರ್ತದೆ ಸಾರ್,” ಎಂದಳು ಪಿನ್ನಿ.

ಹೆಡ್‌ಮಾಸ್ಟರು ನಕ್ಕರು. “ಹೌದಾ? ನಮ್ಮನೆ ಎಮ್ಮೆಗೂ ಬರ್ತದೆ. ಬಾಯಿಮಾತು ಬೇಡಮ್ಮ. ಬುಧವಾರದ ಸಮೀಕ್ಷೆ ಪಟ್ಟಿಯಲ್ಲಿ ಬರಲಿ, ಗುರುವಾರವೇ ಹುಡುಗೀನ ಆ ಕೋಣೆಗೆ ಕೂರಿಸ್ತೀನಿ.”

ಮನೆಯೆಂದರೆ ಅವಳೂ ಮಗಳೂ ಇಬ್ಬರೇ. ಓದಿದರೆ ಕೆಲಸವಿಲ್ಲ, ಓದದಿದ್ದರೆ ಮಗಳಿಗೆ ಚೀಲ ತಪ್ಪುವುದಿಲ್ಲ. ಎರಡು ದಿನ ಅವಳು ಇದನ್ನೇ ಹಿಂದೆಮುಂದೆ ಮಾಡಿದಳು. ಮೂರನೆಯ ದಾರಿ ಕಾಣಲಿಲ್ಲ.

ಸಮೀಕ್ಷೆ ನಡೆಸುವ ಸಂಶೋಧಕ ಹತ್ತಕ್ಕೆ ಸರಿಯಾಗಿ ಬಂದ. ವಯಸ್ಸು ಇಪ್ಪತ್ತೈದು ದಾಟಿರಲಿಕ್ಕಿಲ್ಲ; ಪೆನ್ಸಿಲ್ಲುಗಳನ್ನೂ ಒಂದೇ ಉದ್ದಕ್ಕೆ ಚೂಪು ಮಾಡಿಕೊಂಡಿದ್ದ. ಸದ್ದು ಕೂಡದೆಂದು ಯಂತ್ರ ನಿಲ್ಲಿಸಿದರು. ಸಾಲುಮೇಜುಗಳ ತುದಿಯಲ್ಲಿ ಅವನಿಗೊಂದು ಚಿಕ್ಕ ಮೇಜು, ಎದುರಿಗೆ ಒಂದು ಸ್ಟೂಲು. ಪರೀಕ್ಷೆಯ ಹೊತ್ತಿಗೆ ಬೇರೆಯವರು ಬಳಿಯಲ್ಲಿರಬಾರದೆಂದು ಅವನು ಮೆಲ್ಲಗೆ ಹೇಳಿದ. ಧಣಿ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತ.

“ನನ್ನ ಜಾಗ, ನನ್ನ ಆಳುಗಳು. ನೀವು ನಿಮ್ಮ ಕೆಲಸ ಮಾಡ್ರಿ.”

ಒಬ್ಬೊಬ್ಬರಾಗಿ ಹೋಗಿ ಬಂದರು. ಎದುರಜ್ಜಿಯ ಸರದಿ ಏಳನೆಯದು. ಹಾಳೆ ಮುಟ್ಟಿದ್ದೇ ತಡ, ಇದು ಯಾವ ಮನೆಯ ರಂಗೋಲಿಯಪ್ಪಾ ಎಂದು ಕೇಳಿ ಧಣಿಯನ್ನು ನಗಿಸಿ ಎದ್ದು ಬಂದಳು. ಕೊನೆಗೆ ಪಿನ್ನಿಯನ್ನು ಕರೆದರು.

ಸಂಶೋಧಕ ಹಾಳೆಯನ್ನು ನೆಟ್ಟಗೆ ಅವಳ ಕೈಗಿಟ್ಟು ಗಡಿಯಾರ ಒತ್ತಿದ. ಪಿನ್ನಿಯ ಕೈ ತಾನಾಗಿಯೇ ಹಾಳೆಯನ್ನು ತಿರುಗಿಸಿಕೊಂಡಿತು, ನಾಲ್ಕು ವರ್ಷದ ರೂಢಿಯಂತೆ. ಒಡನೆ ಅಕ್ಷರಗಳು ಅವಳಿಗೆ ಸಿಕ್ಕವು. ಬೇಲಿಯ ಪಕ್ಕ ಆಡು ನಿಂತಿದೆ. ಬೇಲಿಯ ಆಚೆ ಹಸಿರು ಹುಲ್ಲಿದೆ. ಆಡು ಹುಲ್ಲನ್ನು ನೋಡುತ್ತಿದೆ. ಅಷ್ಟನ್ನೂ ಅವಳು ಮನಸ್ಸಿನಲ್ಲೇ ಓದಿ ಮುಗಿಸಿದಳು. ಆಡಿನ ಕುತ್ತಿಗೆಗೆ ಹಗ್ಗವಿತ್ತೋ ಇಲ್ಲವೋ, ಹಾಳೆಯಲ್ಲಿ ಬರೆದಿರಲಿಲ್ಲ. ಪಕ್ಕದಲ್ಲಿ ಧಣಿಯ ಉಸಿರು ಕೇಳುತ್ತಿತ್ತು. ಮಗಳ ಬೆರಳುಗಳು ಕಣ್ಣಮುಂದೆ ಬಂದವು. ಓದಿಯೇ ಬಿಡುತ್ತೇನೆಂದು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಗಡಿಯಾರ ಕಿರ್ರೆಂದಿತು.

“ಸಾಕಮ್ಮ,” ಎಂದು ಸಂಶೋಧಕ ಹಾಳೆ ಹಿಂದಕ್ಕೆ ಪಡೆದ.

“ಇನ್ನೂ ಓದಿಲ್ಲ ಸ್ವಾಮಿ.”

“ಓದೋದು ಎರಡನೇ ಹಂತ. ಹಾಳೆ ನೆಟ್ಟಗೆ ಹಿಡಿಯೋದು ಮೊದಲನೇದು. ತಲೆಕೆಳಗೆ ಹಿಡಿದು ಹತ್ತು ಸೆಕೆಂಡಿನೊಳಗೆ ತಿರುಗಿಸದಿದ್ರೆ ಪರೀಕ್ಷೆ ಅಲ್ಲಿಗೇ ನಿಲ್ಲುತ್ತೆ.” ಹೇಳುತ್ತಲೇ ಅವನು ಬರೆಯತೊಡಗಿದ.

ಧಣಿ ಹೊಟ್ಟೆ ಕುಲುಕಿಸಿ ನಕ್ಕ. “ನೋಡಿದ್ರಾ? ಹಿಡಿಯೋಕೂ ಗೊತ್ತಿಲ್ಲ ಗೊಡ್ಡುಗಳಿಗೆ. ಇದಕ್ಕೊಂದು ಮುದ್ರೆ ಒತ್ತಿ ಕೊಟ್ಬಿಡಿ, ಕಚೇರಿಯವರಿಗೆ ತೋರಿಸ್ತೀನಿ.”

ಪಿನ್ನಿ ಎದುರಜ್ಜಿಯ ಕಡೆ ನೋಡಿದಳು. ಅಜ್ಜಿ ನಗುತ್ತಿರಲಿಲ್ಲ. ಮಡಿಲಲ್ಲಿಟ್ಟಿದ್ದ ತನ್ನ ತೋರುಬೆರಳನ್ನೇ ನೋಡುತ್ತ ಕೂತಿದ್ದಳು.

ಸಂಶೋಧಕನ ನಮೂನೆ ಅವನ ಮುಂದಿತ್ತು, ಅವನಿಗೆ ನೆಟ್ಟಗೆ. ಎಂದರೆ ಪಿನ್ನಿ ಕಲಿತಂತೆಯೇ. ಅವಳು ಮೇಜಿನ ಈಚೆಯಿಂದ ಬೆರಳು ಚಾಚಿ ಸಾಲಿನ ಬಲತುದಿಗೆ ಇಟ್ಟಳು; ಬೆರಳು ಎಡಕ್ಕೆ ಸಾಗಿತು.

“ಕ್ರಮಸಂಖ್ಯೆ ಇಪ್ಪತ್ತೊಂದು,” ಎಂದಳು. ದನಿ ಮೊದಲು ಒಡೆಯಿತು, ಆಮೇಲೆ ಕೂಡಿಕೊಂಡಿತು. “ಹೆಣ್ಣು. ವಯಸ್ಸು ಸುಮಾರು ಮೂವತ್ತು. ಮನೆಯಲ್ಲಿ ಓದುಬಲ್ಲವರು, ಇಲ್ಲ. ಹಾಳೆ ಹಿಡಿಯಲು ತಿಳಿಯದು. ಪರೀಕ್ಷೆ ನಿಲ್ಲಿಸಲಾಗಿದೆ.”

ನಿಂತ ಯಂತ್ರದ ಆಚೆಗೂ ಅದು ಕೇಳಿತು. ಸಂಶೋಧಕನ ಪೆನ್ಸಿಲ್ಲು ನಿಂತಿತು.

“ಕೇಳಿಸ್ತಲ್ಲ ಸ್ವಾಮಿ? ಈಗ ತಿದ್ದಿ ಬರ್ಕೊಳಿ. ನನ್ ಮಗಳು ಓದಿನ ಕೋಣೆಗೆ ಹೋಗ್ಬೇಕು.”

ಅವನು ಕೈಪಿಡಿ ತೆಗೆದು ಪುಟ ಮಗುಚಿದ, ಮತ್ತೆ ಮಗುಚಿದ. ಕಿವಿ ಕೆಂಪಾಗಿತ್ತು. ಒಮ್ಮೆ ನಿಂತ ಪರೀಕ್ಷೆಯನ್ನು ಮತ್ತೆ ನಡೆಸುವಂತಿಲ್ಲ, ನಿಂತ ಮೇಲೆ ಕೇಳಿದ್ದನ್ನು ದಾಖಲಿಸುವಂತಿಲ್ಲ ಎಂದು ಅಲ್ಲಿತ್ತು. ಅದನ್ನು ಓದಿ ಹೇಳಿದ. ಅವನು ಮುಗಿಸುವ ಮೊದಲೇ ಪಿನ್ನಿಯೂ ಆ ಸಾಲನ್ನು ಈಚೆಯಿಂದ ಓದಿಯಾಗಿತ್ತು.

ಧಣಿ ಎದ್ದ. “ಎಷ್ಟು ವರ್ಷದಿಂದ ಓದ್ತಿದ್ದೀಯೇ ಹಲ್ಕಟ್ ಮುಂಡೆ? ಯಾವಳು ಕಲಿಸಿದ್ದು?”

ಪಿನ್ನಿ ಎದುರಜ್ಜಿಯ ಕಡೆ ತಿರುಗಲಿಲ್ಲ. “ನಿಮ್ ಕಾಗದವೇ ಕಲಿಸ್ತು ಧಣಿ. ‘ನನಗೆ ಓದು ಬರುವುದಿಲ್ಲ’ ಅಂತ ಚೆಂದಾಗಿ ಬರ್ಸಿದ್ರಲ್ಲ.”

ನಾಳೆಯಿಂದ ಈ ಕಡೆ ಸುಳಿಯಬೇಡವೆಂದ ಧಣಿ. ಎಳೆದು ಹಾಕೆಂದು ಮೇಸ್ತ್ರಿಗೆ ಸನ್ನೆ ಮಾಡಿದ. ಮೇಸ್ತ್ರಿ ಅವಳ ರಟ್ಟೆ ಹಿಡಿದು ಜಗ್ಗಿದ. ಪಿನ್ನಿ ಎರಡೂ ಕಾಲುಗಳನ್ನು ಸ್ಟೂಲಿಗೆ ಸುತ್ತಿ, ಒಂದು ಕೈಯಲ್ಲಿ ಮೇಜಿನ ಅಂಚು ಹಿಡಿದುಕೊಂಡಳು. ಸ್ಟೂಲು ಅವಳೊಡನೆ ಒಂದು ಗೇಣು ಸರಿಯಿತು, ಮೇಜೂ ಸರಿಯಿತು. ಇನ್ನೊಂದು ಕೈಯ ಬೆರಳು ನಮೂನೆಯಿಂದ ಕದಲಲಿಲ್ಲ.

ಸಂಶೋಧಕ ಹನ್ನೊಂದೂವರೆಗೆ ಮುಂದಿನ ಸ್ಥಳದಲ್ಲಿರಬೇಕಿತ್ತು. ಅವಳತ್ತ ನೋಡದೆ, ಅಲುಗುವ ಮೇಜಿನ ಮೇಲೆಯೇ, ಪುಟದ ಕೊನೆಯ ಚೌಕಗಳನ್ನು ತುಂಬತೊಡಗಿದ. ಅವನು ಬರೆದಂತೆಲ್ಲ ಪಿನ್ನಿ ಗಟ್ಟಿಯಾಗಿ ಓದುತ್ತ ಹೋದಳು.

“ಪರೀಕ್ಷೆಗೆ ಒಳಪಟ್ಟವರು, ಇಪ್ಪತ್ತೊಂದು. ಓದಬಲ್ಲವರು, ಸೊನ್ನೆ.”