ಪೊರೆಯ ಮೇಲೆ ಊದಿದ ಉಸಿರು

ನಾರಿನ್ ಊರಿನ ಆಸ್ಪತ್ರೆಯಲ್ಲಿ ಹೊಲಿಗೆ ದಾರದಿಂದ ಹಿಡಿದು ಕೈಗವಸಿನವರೆಗೆ ಎಲ್ಲವನ್ನೂ ರೋಗಿಯ ಕಡೆಯವರೇ ತಂದುಕೊಡಬೇಕು. ಬುರುಲ್ ಮುದುಕಿಯ ಅಳಿಯ ಎರ್ಕಿನ್ ರಾಜಧಾನಿ ಬಿಷ್ಕೆಕ್‌ವರೆಗೆ ಹೋಗಿ ತಂದಿದ್ದ ಚೀಲವನ್ನು ನರ್ಸ್ ಆಗಲೇ ಒಳಗೆ ಒಯ್ದಿದ್ದಳು. ಮಗಳು ನಾಜಿರಾಳ ಹೊಟ್ಟೆ ಕೊಯ್ಯುತ್ತಿದ್ದುದು ಇದು ಮೂರನೆಯ ಸಲ. ಹಳೆಯ ಗಾಯ ಮಾಯುವಾಗ ಕರುಳು ಒಂದಕ್ಕೊಂದು ಅಂಟಿಕೊಂಡು, ತಿಂದದ್ದು ಮುಂದೆ ಸಾಗದೆ ಅವಳು ಕಡ್ಡಿಯಾಗಿದ್ದಳು.

"ಈ ಸಲ ಅಂಟಲ್ಲ ಬಿಡಿ, ಅಪಾ," ಎಂದ ಎರ್ಕಿನ್. ಹೆತ್ತ ತಾಯಿಯನ್ನು ಕರೆದಂತೆಯೇ ಅತ್ತೆಯನ್ನೂ ಕರೆಯುತ್ತಿದ್ದ. "ಬಿಡಿಸಿದ ಜಾಗಕ್ಕೆ ಆ ತೆಳ್ಳನೆ ಪೊರೆ ಹಾಸ್ತಾರೆ. ಗಾಯ ಮಾಯೋವರೆಗೂ ಅಡ್ಡ ಇದ್ದು, ಆಮೇಲೆ ತಾನೇ ಕರಗಿಹೋಗತ್ತೆ. ಅಲೆದಲೆದು ಸಿಕ್ಕಿದ್ದು ಅದೊಂದೇ. ಡಾಕ್ಟ್ರು ಬಿಚ್ಚೋವರೆಗೂ ಅದಕ್ಕೆ ಗಾಳಿನೂ ಸೋಕಬಾರದಂತೆ."

ಬುರುಲ್ ಗಕ್ಕನೆ ಅವನ ಕಡೆ ತಿರುಗಿದಳು.

ಬೆಳಿಗ್ಗೆ ಅವನು ಚಹಾ ತರಲು ಹೋದಾಗ ಅವಳು ಚೀಲದಲ್ಲಿದ್ದ ಆ ಪೊರೆಯ ಪೊಟ್ಟಣದ ಅಂಚು ಬಿಡಿಸಿ, ಪ್ರಾರ್ಥನೆ ಹೇಳಿ ಒಳಕ್ಕೆ ಊದಿದ್ದಳು. ಮುಚ್ಚಿದ ಪೊಟ್ಟಣದೊಳಕ್ಕೆ ಪ್ರಾರ್ಥನೆ ಹೋಗುವುದಾದರೂ ಹೇಗೆ? ಕೇರಿಯ ಮಕ್ಕಳ ಜ್ವರದ ಔಷಧಿಗೆಲ್ಲ ಊದಿದ ಬಾಯಿ ಅದು. ಆಮೇಲೆ ಅಂಚನ್ನು ಹೆಬ್ಬೆರಳಿನಿಂದ ಒತ್ತಿ, ಗುರುತೇ ಸಿಗದಂತೆ ಅಂಟಿಸಿದ್ದಳು.

ಹೇಳಿದರೆ ಪೊರೆ ಕಸದ ಬುಟ್ಟಿಗೆ. ಕರುಳು ಮತ್ತೆ ಅಂಟಬಹುದು. ಹೇಳದಿದ್ದರೆ ತನ್ನ ಎಂಜಲು ಮಗಳ ಹೊಟ್ಟೆಯೊಳಕ್ಕೆ. ಗೋಡೆ ಹಿಡಿದು ಹೋಗಿ ಆಪರೇಷನ್ ಕೋಣೆಯ ಬಾಗಿಲು ಬಡಿದಳು.

"ಏನಜ್ಜೀ, ಬಾಗಿಲು ಮುರೀತೀರಾ?" ನರ್ಸ್ ತಲೆ ಹಾಕಿದಳು.

"ಆ ಪೊರೆ ಹಾಕಬೇಡ್ರಮ್ಮಾ! ನಾನು ಬಿಚ್ಚಿ ಊದಿಬಿಟ್ಟಿದೀನಿ!"

"ಊದಿದ್ರಾ? ಅದೇನು ಬಿಸಿ ಸಾರಾ?" ಎಂದವಳೇ ಒಳಗೆ ಓಡಿದಳು.

ಎರ್ಕಿನ್ ಎದ್ದುಹೋಗಿ ಕಿಟಕಿಯ ಬಳಿ ನಿಂತ. ಅವನು ಬೈದಿದ್ದರೂ ಬುರುಲ್‌ಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಬಹಳ ಹೊತ್ತಿನ ಮೇಲೆ ಡಾಕ್ಟರ್ ತಲಾಂತ್ ಹೊರಗೆ ಬಂದರು. "ಪೊರೆ ಎಸೆದೆ. ಅಂಟಿದ್ದನ್ನೆಲ್ಲ ಬಿಡಿಸಿದೀನಿ. ಮತ್ತೆ ಅಂಟತ್ತೋ ಇಲ್ವೋ, ಹೇಳಕ್ಕಾಗಲ್ಲ. ನೀವು ಬಾಯಿಬಿಟ್ಟಿದ್ದು ಒಳ್ಳೇದಾಯ್ತು, ಅಪಾ. ಒಳಗೆ ಕೀವಾಗಿದ್ರೆ ಅವಳನ್ನ ಉಳಿಸೋದೇ ಕಷ್ಟ ಆಗ್ತಿತ್ತು. ನಾಳೆಯಿಂದ ಎಬ್ಬಿಸಿ ನಡೆಸಿ, ಕರುಳು ಅಲುಗಾಡ್ತಾ ಇರ್ಬೇಕು. ಅತ್ತರೂ ಬಿಡಬೇಡಿ."

ಮರುದಿನ ನಾಜಿರಾ ಮಂಚದ ಕಂಬಿ ಹಿಡಿದು ನಿಂತು ಅತ್ತಳು. "ಎಲ್ಲರ ಮನೇಲೂ ಬಾಣಂತಿ ಥರ ಮಲಗಿಸಿ ನೋಡ್ಕೋತಾರೆ. ನೀನು ಯಾಕೆ ನನ್ನ ಕೊಲ್ತೀಯ, ಅಪಾ?"

"ಬೈಕೋ. ಬೈಕೊಂಡೇ ಕಾಲಿಡು," ಎಂದಳು ಬುರುಲ್. ಮಗಳ ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಇನ್ನೊಂದು ತೋಳನ್ನು ಎರ್ಕಿನ್ ಬಂದು ಹಿಡಿದುಕೊಂಡ.